ಬ್ರಾಕೆಟ್ಟಿನೊಳಗೆ ಹೋದ ಮಾತು

ವಿಚಾರಣಾ ಕಚೇರಿಯಲ್ಲಿ ಎಲ್ಲರ ಮಾತನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡುತ್ತಿದ್ದ ಹೆಂಗಸನ್ನು ಕಾರ್ಮಿಕ ಸಂಘದ ನಾವೆಲ್ಲ ಟೈಪಮ್ಮ ಅನ್ನುತ್ತಿದ್ದೆವು. ಇಪ್ಪತ್ತಾರು ವರ್ಷ ಅದೇ ಮೂಲೆ, ಅದೇ ಕುಂಟು ಮೇಜು. ವಕೀಲರು, ಕಾರ್ಮಿಕರು ಎಷ್ಟೇ ಗಂಟಲು ಹರಿದುಕೊಂಡರೂ ತಲೆ ಎತ್ತುತ್ತಿರಲಿಲ್ಲ. 'ಈಯಮ್ಮನ ಕಿವಿಯಿಂದ ಕೈಗೆ ನೇರ ದಾರಿ, ನಡುವೆ ತಲೆ ಸಿಗೋದೇ ಇಲ್ಲ' ಅಂತ ನಗುತ್ತಿದ್ದೆವು.

ಬಣ್ಣದ ಕಾರ್ಖಾನೆಯ ಬಾಯ್ಲರ್ ಒಡೆದು, ಅದನ್ನು ನೋಡಿಕೊಳ್ಳುತ್ತಿದ್ದ ನಮ್ಮ ಬಾಯ್ಲರಣ್ಣ ಸತ್ತ. ತಪ್ಪು ಯಾರದು ಅಂತ ವಿಚಾರಣೆ ನಡೆಯಿತು. ಮೂರನೆಯ ದಿನ ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಯಾರ ಅಪ್ಪಣೆಯನ್ನೂ ಕೇಳದೆ ಎದ್ದುನಿಂತು ಕಾರ್ಖಾನೆಯ ಮೇಸ್ತ್ರಿಯ ಕಡೆ ಬೆರಳು ಚಾಚಿದಳು.

"ವಾಲ್ವ್ ಕಚ್ಕೊಂಡಿದೆ ಅಂತ ನನ್ನ ಗಂಡ ನಿಂಗೆ ಹೇಳಿರ್ಲಿಲ್ವೇನೋ? ನನ್ನ ಮುಖ ನೋಡಿ ಹೇಳು."

ಮೇಸ್ತ್ರಿ ನೆಲ ನೋಡಿದ. "ಹೇಳಿದ್ದ ಅಕ್ಕಾ. ಎರಡು ಸಲ ಹೇಳಿದ್ದ. ಮೇಲಿನವ್ರೇ ಬಾಯ್ಲರ್ ನಿಲ್ಲಿಸ್ಬೇಡ ಅಂದ್ರು."

ಗದ್ದಲವೋ ಗದ್ದಲ. ಅಧಿಕಾರಿ ಮೇಜು ಕುಟ್ಟಿದ. ಗೆದ್ದೆವು ಅಂದುಕೊಂಡು ನಾವು ಹೊರಗೆ ಬಂದು ಚಹಾ ಕುಡಿದೆವು. ಮೂರ್ಖರು.

ಮರುದಿನ ಮೇಸ್ತ್ರಿ ತಾನು ಹಾಗೆ ಹೇಳಿಯೇ ಇಲ್ಲ ಅಂದ. ತೀರ್ಪು ಬಂತು: ಸತ್ತವನದೇ ಬೇಜವಾಬ್ದಾರಿ. ದಾಖಲೆ ತರಿಸಿ ನೋಡಿದರೆ, ಅತ್ತಿಗೆಯ ಪ್ರಶ್ನೆ, ಮೇಸ್ತ್ರಿಯ ಉತ್ತರ ಇರಬೇಕಾದ ಕಡೆ ಬ್ರಾಕೆಟ್ ಹಾಕಿ ಒಂದೇ ಇಂಗ್ಲಿಷ್ ಪದ: ಕೊಲೊಕ್ವಿ.

ಸಂಘದ ಹರಕು ನಿಘಂಟು ತೆಗೆದೆ. ಸಂಭಾಷಣೆ, ಗಂಭೀರ ಮಾತುಕತೆ ಅಂತಿತ್ತು. ಲ್ಯಾಟಿನ್ನಿನಿಂದ ಬಂದದ್ದಂತೆ, 'ಜೊತೆಗೆ' ಅನ್ನುವುದೊಂದು, 'ಮಾತಾಡು' ಅನ್ನುವುದೊಂದು, ಎರಡೂ ಕೂಡಿ ಆದದ್ದು. ಇಷ್ಟು ಒಳ್ಳೆಯ ಪದವನ್ನು ಬಾಯಿಗೆ ಬಟ್ಟೆ ತುರುಕಲು ಬಳಸಿದ್ದರು.

ನಿಘಂಟು ಕಂಕುಳಲ್ಲಿಟ್ಟುಕೊಂಡು ಟೈಪಮ್ಮನ ಮನೆಗೆ ಹೋದೆ. ಹಾಸಿಗೆ ಹಿಡಿದ ಅವ್ವನ ತಲೆ ಬಾಚುತ್ತಿದ್ದಳು. ಆ ಬ್ರಾಕೆಟ್ ಯಾಕೆ ಅಂತ ಕೇಳಿದೆ.

"ಅಪ್ಪಣೆ ಇಲ್ದೆ ಆಡಿದ್ದನ್ನ ಬರೀಬಾರ್ದು. ಆ ಪದ ಹಾಕಿ ಮುಂದಕ್ಕೆ ಹೋಗ್ಬೇಕು. ಕೆಲಸಕ್ಕೆ ಸೇರಿದ ದಿನ ಕಲಿಸಿದ್ದೇ ಅದು."

"ಅರ್ಥ ಗೊತ್ತಾ?"

"ಅರ್ಥ ಕಟ್ಕೊಂಡು ನಂಗೇನಾಗ್ಬೇಕು?"

ಓದಿ ಹೇಳಿದೆ. ಬಾಚಣಿಗೆ ನಿಂತಿತು. ಅವ್ವ "ಯಾಕೆ ನಿಲ್ಲಿಸ್ದೆ?" ಅಂತ ಗೊಣಗಿದಳು.

"ಕೈ ಸುಮ್ನಿರಲ್ಲ ಅಣ್ಣಾ," ಅಂದಳು ಟೈಪಮ್ಮ. "ಶಾರ್ಟ್‌ಹ್ಯಾಂಡ್ ನೋಟ್‌ಬುಕ್‌ನಲ್ಲಿ ಎಲ್ಲಾ ಇದೆ. ಬಿಟ್ಟಿದ್ದು ಟೈಪ್ ಮಾಡೋವಾಗ."

ನಿವೃತ್ತಿಗೆ ಒಂಬತ್ತು ತಿಂಗಳಿತ್ತು. ಆದರೂ ಮೇಲ್ಮನವಿಗೆ ಸಾಕ್ಷಿಯಾಗಲು ಒಪ್ಪಿದಳು. ಒಪ್ಪಿದ ವಾರದಲ್ಲೇ ಅಮಾನತು; ಅವಳ ಕುಂಟು ಮೇಜಿಗೆ ಆ ವರ್ಷವಷ್ಟೇ ಕಚೇರಿಗೆ ಸೇರಿದ್ದ ಹೊಸಬಳು ಬಂದು ಕೂತಳು.

ಅದೇ ಕಚೇರಿಯಲ್ಲಿ ಮೇಲ್ಮನವಿಯ ವಿಚಾರಣೆಯಾದ ದಿನ ಟೈಪಮ್ಮ ನೋಟ್‌ಬುಕ್ ತೆರೆದದ್ದೇ ತಡ, ಕಾರ್ಖಾನೆಯ ವಕೀಲ ಎಗರಿದ. "ಕಚೇರಿ ಆಸ್ತಿ ಮನೆಗೆ ಒಯ್ದಿದ್ದಾಳೆ ಸ್ವಾಮಿ! ಓದೋಕೆ ಅಪ್ಪಣೆ ಕೊಡ್ಬೇಡಿ!" ಅಧಿಕಾರಿ ಕೈ ಅಡ್ಡ ಮಾಡಿದ. ಟೈಪಮ್ಮ ನಿಲ್ಲಿಸಲಿಲ್ಲ. 'ಹೇಳಿದ್ದ ಅಕ್ಕಾ, ಎರಡು ಸಲ ಹೇಳಿದ್ದ' ಅನ್ನುವ ತನಕ ಓದಿದಳು. ಆಮೇಲೆ ಜವಾನ ಬಂದು ನೋಟ್‌ಬುಕ್ ಕಿತ್ತುಕೊಂಡ. ಅವಳು ತಿರುಗಿ ಮೂಲೆಯ ಕಡೆ ನೋಡಿದಳು. ಹೊಸಬಳು ಬ್ರಾಕೆಟ್ ಹಾಕಿ, ಅದೇ ಒಂದು ಪದ ಗೀಚಿ, ಪೆನ್ಸಿಲ್ ಎತ್ತಿ ಹಿಡಿದು ಕಾಯುತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಅತ್ತಿಗೆ ಅವಳ ಕೈ ಹಿಡಿದುಕೊಂಡಳು. "ಓದಿದ್ರಲ್ಲಕ್ಕಾ, ಅಷ್ಟು ಸಾಕು. ಬರ್ಕೊಂಡ್ರು ತಾನೇ?"

"ಇಲ್ಲಮ್ಮ," ಅಂದಳು ಟೈಪಮ್ಮ. "ಅವಳಿಗೆ ಕೆಲಸ ಕಲಿಸಿದ್ದು ನಾನೇ."