ಕಣಜಕ್ಕೆ ಮರಳಿ ಬಂದ ಅಜ್ಜ

ಬೆಳಕು ಹರಿಯುವ ಹೊತ್ತು. ಗದ್ದೆಗೆ ಹೊರಟ ಹೆಂಗಸರು ದಾರಿಯಲ್ಲೇ ನಿಂತುಬಿಟ್ಟಿದ್ದಾರೆ. ನಟ್ಟನಡುವೆ ಗೋಸುಂಬೆಯೊಂದು ಕೂತಿದೆ. ಒಂದು ಕಣ್ಣು ಇವರ ಕಡೆ, ಇನ್ನೊಂದು ಮರದ ಕಡೆ. ಮಡಗಾಸ್ಕರ್‌ನ ಈ ಕಾಡಂಚಿನಲ್ಲಿ ಅದನ್ನು ಮುಟ್ಟುವಂತಿಲ್ಲ, ದಾಟುವಂತಿಲ್ಲ, ಕೇಡು ತಟ್ಟುತ್ತದಂತೆ. ವುಲಸುವಾ ಬಂದು ಕೋಲು ಚಾಚುತ್ತಾಳೆ.

"ಹತ್ತವ್ವಾ ಬೇಗ. ನಿನಗೆ ಕೆಲಸ ಇಲ್ಲ ಅಂತ ನಮಗೂ ಇಲ್ವಾ?"

ಗೋಸುಂಬೆ ತೂಗಾಡುತ್ತಾ ಕೋಲು ಹತ್ತುತ್ತದೆ. ಅದನ್ನು ಹುಳು ಮುತ್ತಿದ ಸೀಬೆ ಗಿಡಕ್ಕೆ ಬಿಡುತ್ತಾಳೆ. "ಹೊಟ್ಟೆ ತುಂಬಾ ತಿನ್ನು, ಗಿಡಾನೂ ಉಳೀಲಿ."

ಮುಟ್ಟಬಾರದ ಪ್ರಾಣಿಗಳನ್ನು ಹೀಗೆ ಸಾಗಿಸುವುದು ಅವಳಿಗೆ ತಾಯಿಯಿಂದ ಬಂದ ಕೆಲಸ. ಸಂಬಳವಿಲ್ಲ, ಕರೆದವರು ಬೊಗಸೆ ಅಕ್ಕಿ ಕೊಡುತ್ತಾರೆ. ಕರೆಯುವಾಗ ಎಲ್ಲರಿಗೂ ಅಕ್ಕ, ಊಟಕ್ಕೆ ಕೂತಾಗ ಮಾತ್ರ ಪಕ್ಕದಲ್ಲಿ ಯಾರೂ ಇಲ್ಲ. ಹೊರಗಿನಿಂದ ಬಂದು ಇಷ್ಟು ವರ್ಷ ಇಲ್ಲಿದ್ದರೂ ನನಗೆ ಇದು ಅರ್ಥವಾಗಿಲ್ಲ.

ಅವಳ ಈಗಿನ ಸಂಕಟವಂತೂ ಬಗೆಹರಿಯುವುದೇ ಇಲ್ಲ. ಜಾವು ಎಂಬಾತನ ಕಣಜದಡಿ ದೊಡ್ಡ ಹೆಬ್ಬಾವಿತ್ತು. ತೀರಿಹೋದ ಅಪ್ಪನೇ ಹಾವಾಗಿ ಬಂದಿದ್ದಾನೆಂದು ಮನೆಯವರ ನಂಬಿಕೆ. ಅದು ಕಾವಿಗೆ ಕೂತ ಕೋಳಿಯನ್ನು ನುಂಗಿದಾಗ ಜಾವುವಿನ ಹೆಂಡತಿ ಫಾರಾ ಸಿಡಿದಳು. "ಅಜ್ಜ ಆದರೇನು, ಮೊಮ್ಮಕ್ಕಳ ಕೋಳಿ ತಿನ್ನಬಹುದಾ?" ವುಲಸುವಾ ಹಾವನ್ನು ಬುಟ್ಟಿಯಲ್ಲಿ ಹೊತ್ತು ಕಣಿವೆಗೆ ಬಿಟ್ಟು ಬಂದಳು.

ಸರಿ, ಕಣಜಕ್ಕೆ ಇಲಿಗಳು ನುಗ್ಗಿದವು. ಬಿತ್ತನೆಯ ಬತ್ತ ದಿನದಿನಕ್ಕೆ ಕರಗತೊಡಗಿತು. ಜಾವು ಓಡಿಬಂದ. "ಅಕ್ಕಾ, ಅಪ್ಪನ್ನ ಕರ್ಕೊಂಡು ಬಾ. ಬೀಜಾನೂ ಹೋದ್ರೆ ಬಿತ್ತೋದೇನು?"

ಅವಳು ಕಣಿವೆಗಿಳಿದು ಒಂದು ಹೆಬ್ಬಾವನ್ನು ತಂದಳು. ಜಾವು ಜೇನು, ಸಾರಾಯಿ ಇಟ್ಟು ಕ್ಷಮೆ ಕೇಳಿ ಅತ್ತ. ಇಲಿಗಳ ಸದ್ದು ಅಡಗಿತು, ಬೀಜ ಉಳಿಯಿತು.

"ನೀನು ತಂದಿದ್ದು ಅವನನ್ನೇ ತಾನೇ?" ಜಾವುವಿನ ಅಂಗಳದಲ್ಲಿ ನಿಂತು ವುಲಸುವಾಳನ್ನು ಕೇಳುತ್ತೇನೆ.

"ಬುಟ್ಟಿಗೆ ಹಾಕುವಾಗ ಅವನೇ ಅನ್ನಿಸ್ತು. ಊರು ಹತ್ರ ಬಂದ ಹಾಗೆ ಅಲ್ಲ ಅನ್ನಿಸ್ತು. ಅಯ್ಯೋ, ನನ್ನ ಕೇಳಬೇಡ."

ಹಳೆಯ ಹಾವಿನ ಬಾಲದ ತುದಿ ತುಂಡಾಗಿತ್ತಂತೆ. ಹಾಗಾದರೆ ನೋಡಿಬಿಡಬಹುದಲ್ಲ?

"ನೋಡಿ? ಅವನಲ್ಲ ಅಂತ ಗೊತ್ತಾದ್ರೆ ಜಾವುಗೆ ಯಾವ ಮುಖ ಇಟ್ಕೊಂಡು ಹೇಳಲಿ? ಅವನಪ್ಪ ಕಾಡಲ್ಲಿ ಅಲೀತಿದ್ದಾನೆ ಅಂತ ಹೇಳ್ಲಾ?"

ಹೇಳಬೇಕೋ ಬೇಡವೋ, ನನಗೂ ತಿಳಿಯದು. ಕಣಜದಡಿ ಹೆಬ್ಬಾವು ಸುರುಳಿ ಸುತ್ತಿ ಮಲಗಿದೆ, ಬಾಲ ಒಳಗೆಲ್ಲೋ ಇದೆ. ಫಾರಾ ಬಂದು ಕೋಳಿಗೂಡನ್ನು ದೂರದ ಅಟ್ಟಕ್ಕೆ ಏರಿಸುತ್ತಾಳೆ, ಜೇನಿನ ಬಟ್ಟಲು ತುಂಬುತ್ತಾಳೆ.

ವುಲಸುವಾ ತಗ್ಗಿದ ದನಿಯಲ್ಲಿ ಹೇಳುತ್ತಾಳೆ: "ನಿಜವಾದ ಅಜ್ಜ ಎಂದಾದ್ರೂ ದಾರಿ ಹುಡುಕ್ಕೊಂಡು ಬರಬಹುದು. ಆವತ್ತು ಇವನನ್ನ ಓಡಿಸದಿದ್ರೆ ಸಾಕು. ಇವನು ಯಾರೋ ಏನೋ, ನಾನು ಕರೆದೆ ಅಂತ ಬಂದವನು."