ನೊಲೀನಳ ಕ್ಲೈಮ್ಯಾಕ್ಸು

ನೊಲೀನ್ ಪಾಸ್ಕೊ ನಮ್ಮ ಸಂಜೆಯ ಸಿನಿಮಾ ತರಗತಿಗೆ ಸೇರಿದ್ದು ಸಿನಿಮಾದ ಮೇಲಿನ ಪ್ರೀತಿಯಿಂದೇನೂ ಅಲ್ಲ. ಕುಂಬಾರಿಕೆಯ ತರಗತಿ ಭರ್ತಿಯಾಗಿತ್ತು, ಅಷ್ಟೆ. ಹಗಲೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಚಾದರಗಳ ಜೊತೆ ಗುದ್ದಾಡಿ, ಮಂಗಳವಾರ ಸಂಜೆ ಗ್ರಂಥಾಲಯದ ಹಿಂದಿನ ಕೋಣೆಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಧೊಪ್ಪೆಂದು ಕೂರುತ್ತಿದ್ದಳು. ಮೈಯಿಂದ ಸೋಪಿನ ವಾಸನೆ, ಚೀಲದಿಂದ ಮೊಟ್ಟೆ ಸ್ಯಾಂಡ್‌ವಿಚ್ಚಿನ ವಾಸನೆ.

ಅವಳ ಮನೆ ಕೊಲ್ಲಿಯ ನಡುವಿನ ದ್ವೀಪದಲ್ಲಿ. ಕೊನೆಯ ಲಾಂಚು ಎಂಟಕ್ಕೆ. ನಮ್ಮ ಮೇಷ್ಟ್ರು ಲೆಸ್ಟರೋ, ಮೊದಲು ಚಹಾ, ಆಮೇಲೆ ಭಾಷಣ, ಉಳಿದ ಹೊತ್ತಿನಲ್ಲಿ ಸಿನಿಮಾ ಎನ್ನುವ ಜಾತಿ. ನೆರಳಿನ ಬಗ್ಗೆ ಮಾತು ಶುರು ಮಾಡಿದರೆ ಬೆಳಕು ಹರಿದರೂ ನಿಲ್ಲಿಸುವವರಲ್ಲ. ಹಾಗಾಗಿ ಪ್ರತಿ ಸಲವೂ ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ನೊಲೀನ್ ಎದ್ದು, ಬಾಯಲ್ಲೊಂದು ಬಿಸ್ಕತ್ತು ಕಚ್ಚಿಕೊಂಡು ಲಾಂಚು ನಿಲ್ಲುವ ಜೆಟ್ಟಿಯ ಕಡೆಗೆ ಓಡುತ್ತಿದ್ದಳು. ಒಂದೇ ಒಂದು ಸಿನಿಮಾದ ಕೊನೆಯನ್ನೂ ಅವಳು ನೋಡಿದವಳಲ್ಲ.

"ಕೊನೆಗೆ ಏನಾಯ್ತು ಅಂತ ಹೇಳ್ಲಾ?" ಎಂದು ನಾನು ಮುಂದಿನ ವಾರ ಕೇಳಿದರೆ, "ಬೇಡ ಕಣೇ ಬೆರಿಲ್, ನಾನೇ ಲಾಂಚಲ್ಲಿ ಮುಗಿಸ್ದೆ" ಎನ್ನುತ್ತಿದ್ದಳು.

ಮುಗಿಸುತ್ತಿದ್ದದ್ದು ಒಬ್ಬಳೇ ಕೂತು ಅಲ್ಲ. "ಇವತ್ತೇನು ತೋರಿಸಿದ್ರು?" ಎಂದು ಲಾಂಚಿನ ಜನ ಕಾದಿರುತ್ತಿದ್ದರು. ನೋಡಿದಷ್ಟು ಸಿನಿಮಾದ್ದು, ನೋಡದ್ದು ನೊಲೀನಳದು. ಅದೂ ಗಂಟಲು ಹರಿಯುವಷ್ಟು ಜೋರಾಗಿ. ಯಾಕೆಂದರೆ ಲಾಂಚಿನ ಮುಂದಿನ ತುದಿಯಲ್ಲಿ ಮರ್ವಿನ್ ಟ್ರಾಂಟರ್ ಕೂರುತ್ತಿದ್ದ, ಹಿಂದಿನ ತುದಿಯಲ್ಲಿ ಅವನ ತಮ್ಮ ಕ್ಲೈವ್. ಅಕ್ಕಪಕ್ಕದ ಮನೆ, ನಡುವೆ ಬೇಲಿ, ಬೇಲಿಗೆ ಅಂಟಿಕೊಂಡು ಅಪ್ಪ ನೆಟ್ಟ ಮಾವಿನ ಮರ. ತನ್ನ ಅಂಗಳಕ್ಕೆ ಚಾಚಿದ ಕೊಂಬೆಗಳನ್ನು ಕಾಯಿ ತುಂಬಿರುವಾಗಲೇ ಕ್ಲೈವ್ ಕಡಿಸಿಹಾಕಿದ, ಅಂದಿನಿಂದ ಮಾತಿಲ್ಲ. ಇಬ್ಬರಿಗೂ ಕಥೆ ಬೇಕು, ಒಬ್ಬರ ಮುಖ ಒಬ್ಬರಿಗೆ ಬೇಡ. ನೊಲೀನ್ ನಡುವೆ ನಿಂತು ಎರಡು ತುದಿಗೂ ಕೇಳುವಂತೆ ಕೂಗಬೇಕು.

ಒಂದು ಮಂಗಳವಾರ ಲೆಸ್ಟರ್ ಹಾಕಿದ ಕ್ಯಾಸೆಟ್ಟು ಅಣ್ಣತಮ್ಮಂದಿರದೇ ಕಥೆ. ಎಲ್ಲೋ ಹಿಮದ ಊರು, ಬ್ರೆಡ್ಡು ಸುಡುವ ಮನೆತನ, ಅಪ್ಪ ಸತ್ತ ಮೇಲೆ ಒಲೆ ಯಾರದು ಎಂದು ಜಗಳ, ಅಂಗಳಕ್ಕೆ ಅಡ್ಡಗೋಡೆ. ಕಡೆಗೆ ಅಣ್ಣ ಬಿಸಿ ಬ್ರೆಡ್ಡು ಹಿಡಿದು ತಮ್ಮನ ಬಾಗಿಲು ತಟ್ಟುತ್ತಾನೆ. ಅಷ್ಟರಲ್ಲಿ ನೊಲೀನ್ ಹೊರಟಳು. ಉಳಿದವರು ನಾವು ನೋಡಿದೆವು: ಬಾಗಿಲು ತೆರೆಯಲಿಲ್ಲ. ಅಣ್ಣ ಬ್ರೆಡ್ಡನ್ನು ಮೆಟ್ಟಿಲ ಮೇಲಿಟ್ಟು ಹೋದ. ನಾಯಿಯೊಂದು ಬಂದು ತಿಂದಿತು. ಆ ನಾಯಿಯ ಮಹತ್ವದ ಬಗ್ಗೆ ಲೆಸ್ಟರ್ ನಮ್ಮ ತಲೆ ಚೆನ್ನಾಗಿ ತಿಂದರು.

ಲಾಂಚಿನಲ್ಲಿ ಮಾತ್ರ ಬಾಗಿಲು ತೆರೆಯಿತು. ತಮ್ಮ ಹೊರಗೆ ಬಂದು, "ಯಾಕಣ್ಣಾ ಇಷ್ಟು ತಡ? ಸೂಪೆಲ್ಲ ಆರಿಹೋಯ್ತು!" ಎಂದನಂತೆ.

ಮುಂದಿನ ವಾರ ನೊಲೀನಳ ಮುಖ ಊರಗಲ.

"ಬೆರಿಲ್, ನಂಬ್ತೀಯಾ? ಭಾನುವಾರ ಮರ್ವಿನ್ ಒಂದು ಬ್ರೆಡ್ಡು ಹಿಡ್ಕೊಂಡು ಹೋಗಿ ಕ್ಲೈವ್ ಬಾಗಿಲು ತಟ್ಟಿದ್ದಾನೆ. ಆ ಪುಣ್ಯಾತ್ಮ ಬಾಗಿಲು ತೆಗ್ದು ಏನಂದ ಹೇಳು?"

"ಸೂಪು ಆರಿಹೋಯ್ತು ಅಂದ್ನಾ?"

"ಅವನು ಸೂಪೇ ಮಾಡಿರಲಿಲ್ವಂತೆ ಕಣೇ! ಆದ್ರೂ ಅದನ್ನೇ ಅಂದ!"

ನನಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು. ನಾಯಿಯ ವಿಷಯ ಎತ್ತಲಿಲ್ಲ.

ಎತ್ತಿದ್ದು ಲೆಸ್ಟರ್. ಡಿಸೆಂಬರಿನಲ್ಲಿ ವರ್ಷದ ಕೊನೆಯ ತರಗತಿಯನ್ನು ದ್ವೀಪದ ಸಭಾಭವನದಲ್ಲೇ, ಶನಿವಾರ ಮಧ್ಯಾಹ್ನ ನಡೆಸೋಣ ಎಂದರು. "ನಮ್ಮ ನೊಲೀನ್ ಒಂದಾದರೂ ಕೊನೆ ನೋಡಲಿ. ದ್ವೀಪದವರೆಲ್ಲ ಬರಲಿ. ಆ ನಾಯಿಯ ಸಿನಿಮಾನೇ ಹಾಕೋಣ."

ನೊಲೀನ್ ನನ್ನ ರಟ್ಟೆ ಹಿಡಿದು ಚಹಾದ ಮೇಜಿನ ಹತ್ತಿರ ಎಳೆದೊಯ್ದಳು. "ಯಾವ ನಾಯಿ?"

ಹೇಳಿದೆ. ಅವಳ ಮುಖ ಚಾದರದ ಹಾಗೆ ಬಿಳುಚಿಕೊಂಡಿತು.

"ಬಾಗಿಲು ತೆಗೆಯೋದೇ ಇಲ್ವಾ? ಅಯ್ಯೋ ದೇವ್ರೇ! ನನ್ನ ಮಾತು ನಂಬಿ ಒಂದಾದ್ರು ಕಣೇ. ಈಗ ಇದನ್ನ ನೋಡಿ ಮತ್ತೆ ಲಾಂಚಿನ ಆ ತುದಿ, ಈ ತುದಿ ಆದ್ರೆ? ನೀನು ಆ ಕ್ಯಾಸೆಟ್ಟಿನ ಮೇಲೆ ಚಹಾ ಚೆಲ್ಲಿಬಿಡು."

"ನೀನೇ ಚೆಲ್ಲು ತಾಯಿ, ನನ್ನ ಕೈಲಾಗಲ್ಲ."

ಬೇರೆ ಸಿನಿಮಾ ಹಾಕಿ ಎಂದು ಲೆಸ್ಟರ್ ಅವರಿಗೆ ಗೋಗರೆದಳು. ಅವರು ಅದನ್ನು ನಾಚಿಕೆ ಎಂದುಕೊಂಡು ಬೆನ್ನು ತಟ್ಟಿದರು.

ನಮ್ಮ ಕಡೆ ಡಿಸೆಂಬರ್ ಅಂದರೆ ನಡುಬೇಸಿಗೆ, ಮಾವಿನ ಕಾಲ; ಆ ಶನಿವಾರವಂತೂ ವಿಪರೀತ ಸೆಕೆ. ಭವನದ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಟ್ರಾಂಟರ್ ಸಹೋದರರು ಮುಂದಿನ ಸಾಲಿನಲ್ಲಿ ಒಟ್ಟಿಗೆ ಕೂತು, ಕಡಿದುಳಿದ ಅರ್ಧ ಮರದ ಮಾವಿನಹಣ್ಣು ಹೆಚ್ಚುತ್ತಿದ್ದರು. ಪರದೆಯ ಮೇಲೆ ಅಣ್ಣ ಬಾಗಿಲು ತಟ್ಟಿದ. ಅಭ್ಯಾಸಬಲದಿಂದ ನೊಲೀನ್ ಎದ್ದುನಿಂತಳು; ಇವತ್ತು ಎಲ್ಲಿಗೂ ಓಡಬೇಕಾಗಿಲ್ಲವೆಂದು ನೆನಪಾಗಿ ಕೂತಳು. ಬಾಗಿಲು ತೆರೆಯಲಿಲ್ಲ. ನಾಯಿ ಬಂತು, ತಿಂದಿತು, ಹೋಯಿತು.

"ಅಷ್ಟೇನಾ?" ಎಂದ ಕ್ಲೈವ್.

"ಅಷ್ಟೇ. ಆ ಮೌನದಲ್ಲೇ ಎಲ್ಲ ಇದೆ..." ಲೆಸ್ಟರ್ ಶುರು ಮಾಡಿದರು.

"ಮೌನದ ಮನೆ ಹಾಳಾಗ!" ಮರ್ವಿನ್ ಎದ್ದು ಹಿಂದಕ್ಕೆ ತಿರುಗಿದ. "ನೊಲೀನ್, ಬಾಗಿಲು ತೆಗೆದ ಅಂದಿದ್ಯಲ್ಲ?"

ನೊಲೀನ್ ನಿಂತಳು. ಲಾಂಚಿಡೀ ಕೇಳಿಸುತ್ತಿದ್ದ ಗಂಟಲು ಪಿಸುಗುಟ್ಟಿತು. "ನಾನು ಕೊನೆ ನೋಡಿರ್ಲಿಲ್ಲ ಮರ್ವಿನ್. ಎಂಟರ ಲಾಂಚು ಹಿಡೀಬೇಕಿತ್ತು. ಬಾಗಿಲು ತೆಗೆದಿದ್ದು ನಾನೇ."

ಕ್ಲೈವ್ ಅಣ್ಣನನ್ನು ದುರುಗುಟ್ಟಿ ನೋಡಿದ.

"ಅಂದ್ರೆ ನೀನು ಬರೀ ಕಟ್ಟುಕಥೆ ನಂಬಿ ನನ್ನ ಬಾಗಿಲಿಗೆ ಬಂದ್ಯಾ?"

"ಮಾಡದೇ ಇರೋ ಸೂಪು ಆರಿಹೋಯ್ತು ಅಂದ್ಯಲ್ಲ, ನಿಂದೇನು ಸತ್ಯಕಥೆನಾ?"

ಭವನದ ಸೂರು ಕಿತ್ತುಹೋಗುವಂತೆ ನಗು. ಕ್ಲೈವ್ ನಗದಿರಲು ಹೆಣಗಿ, ಸೋತು, ಮಾವಿನ ಹೋಳೊಂದನ್ನು ಅಣ್ಣನ ಕಡೆಗೆ ಚಾಚಿದ. "ತಿನ್ನು. ನಾಯಿ ಬರೋದ್ರೊಳಗೆ."

ನೊಲೀನ್ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ನಗುತ್ತಲೇ.

ಅಲ್ಲಿಂದ ಪ್ರತಿ ಡಿಸೆಂಬರಿಗೂ ತರಗತಿ ದ್ವೀಪಕ್ಕೆ ಹೋಗುತ್ತದೆ. ಅವಳ ಮನೆ ಭವನದ ಹಿಂದೆಯೇ ಇದೆ, ಹಿಡಿಯಬೇಕಾದ ಲಾಂಚಿಲ್ಲ. ಆದರೂ ಕಥೆ ಬಿಗಿಯಾಗುತ್ತಿದ್ದಂತೆ ಇಡೀ ಭವನ "ನೊಲೀನ್, ಲಾಂಚು!" ಎಂದು ಕೂಗುತ್ತದೆ. ಅವಳು ಬಿಸ್ಕತ್ತು ಕಚ್ಚಿಕೊಂಡು ಹೊರಗೆ ಹೋಗುತ್ತಾಳೆ. ಸಿನಿಮಾ ಮುಗಿಸಿ, ಲೆಸ್ಟರ್ ಅವರ ಮೌನಗಳನ್ನೆಲ್ಲ ಕೇಳಿಸಿಕೊಂಡು ನಾವು ಹೊರಬಂದರೆ, ಮೆಟ್ಟಿಲ ಮೇಲೆ, ಹಿಂದೆಯೇ ಎದ್ದುಹೋದ ಲಾಂಚಿನ ಜನಕ್ಕೆ ಅವಳು ಹೇಳುತ್ತಿದ್ದ ಕೊನೆಯೂ ಮುಗಿಯುತ್ತಾ ಬಂದಿರುತ್ತದೆ. ಈಗ ಅವಳು ಕೂಗಿ ಹೇಳಬೇಕಾಗಿಲ್ಲ. ಟ್ರಾಂಟರ್ ಸಹೋದರರು ಇಬ್ಬರೂ ಒಂದೇ ಬದಿಗೆ ಕೂತಿರುತ್ತಾರೆ.