ಕೆಂಪಿನವನಿಗೆ ನಾನು ಕಲಿಸಿದ ಬೇಸಾಯ

ವಾಲ್ಟರ್ ಅಂಕಲ್ ಕಂಡದ್ದು ಸರಿಯಾಗಿಯೇ ಇತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ. ಅವರು ನನ್ನ ಮುಖ ನೋಡಿ ಕೇಳಿದಾಗಲೂ ನಾನು ಹೇಳಲಿಲ್ಲ — ಹೇಳಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ಒಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ಅವರು ತಮ್ಮ ತಲೆಯ ಮೇಲಿನ ಭರವಸೆಯನ್ನೇ ಬಿಟ್ಟರು, ಕಾರಿನ ಕೀಲಿಯನ್ನು ಹೆಂಡತಿಯ ಕೈಗಿಟ್ಟರು. ಒಂದು ಕಂಪ್ಯೂಟರ್ ಆಟದಿಂದ ಇಷ್ಟೆಲ್ಲ ಆಗುತ್ತದೆಯೇ ಎಂದು ನೀವು ನಗಬಹುದು. ನಗಿ. ನಾನೂ ನಗುತ್ತಲೇ ಶುರು ಮಾಡಿದ್ದು.

ನಾನು ಧಾರವಾಡದವಳು. ಕಂಪ್ಯೂಟರ್ ಓದಲೆಂದು ಮಲೇಷ್ಯಾಕ್ಕೆ ಬಂದು ಪುಚೊಂಗ್‌ನಲ್ಲಿ ಮಂಗಳೂರಿನ ದಂಪತಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ವಾಲ್ಟರ್ ಅಂಕಲ್ ಮತ್ತು ಸೆವ್ರಿನ್ ಆಂಟಿ ತಮ್ಮತಮ್ಮೊಳಗೆ ಕೊಂಕಣಿ ಆಡುತ್ತಿದ್ದರು, ನನ್ನೊಡನೆ ಕನ್ನಡ, ಪಕ್ಕದ ಮನೆಯವರೊಡನೆ ತಮಿಳು, ಬೆಕ್ಕಿನೊಡನೆ ಮಾತ್ರ ಇಂಗ್ಲಿಷು. ಅಂಕಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಎಂಜಿನಿಯರ್ ಆಗಿದ್ದವರು. ಅವರು ನಿವೃತ್ತರಾಗುವುದಕ್ಕೂ ಲಾಕ್‌ಡೌನ್ ಬರುವುದಕ್ಕೂ ಸರಿಹೋಯಿತು. ಬೀಳ್ಕೊಡುಗೆ ಊಟ ರದ್ದಾಯಿತು, ಊರಿಗೆ ಹೋಗುವ ವಿಮಾನ ರದ್ದಾಯಿತು, ಇಗರ್ಜಿಯ ಪೂಜೆ ಟಿವಿಯೊಳಗೆ ಹೋಯಿತು. ಉಳಿದದ್ದು ಕಾರು. ಎಲ್ಲಿಗೂ ಹೋಗದ ಆ ಕಾರನ್ನು ಅವರು ಪ್ರತಿ ಭಾನುವಾರ ಸೋಪು ಹಾಕಿ ತೊಳೆಯುತ್ತಿದ್ದರು.

ಅಂಥ ದಿನಗಳಲ್ಲಿ ಒಮ್ಮೆ ನಾನು ಆಡುತ್ತಿದ್ದ ಆಟ ಅವರ ಕಣ್ಣಿಗೆ ಬಿತ್ತು. ನಕ್ಷತ್ರಗಳ ನಡುವೆ ರಾಜ್ಯ ಕಟ್ಟುವ ಆಟ. ನಿಮಗೊಂದು ಗ್ರಹ, ಎದುರಿಗೆ ಕಂಪ್ಯೂಟರೇ ಆಡಿಸುವ ಮೂರು ರಾಜ್ಯ — ಕೆಂಪು, ಹಸಿರು, ಹಳದಿ. ಬೇಸಾಯ, ಗಣಿ, ಆಯುಧ, ಹಡಗು, ಹೀಗೆ ಸಂಶೋಧನೆಯ ವಿಷಯಗಳು ಹತ್ತಾರು. ಯಾವುದನ್ನು ಮೊದಲು ಕಲಿಯಬೇಕೆಂದು ಆರಿಸುವುದರಲ್ಲೇ ಸೋಲು ಗೆಲುವು. ಹಜಾರದ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟೆ. ಅಂಕಲ್ ಆಡಿದರು, ಸೋತರು. ಮತ್ತೆ ಆಡಿದರು, ಮತ್ತೆ ಸೋತರು. ಪ್ರತಿ ಸಲವೂ ಅವರನ್ನು ಸುಟ್ಟುಹಾಕುತ್ತಿದ್ದವನು ಕೆಂಪಿನವನು. ಪ್ರಜೆಗಳು ಉಪವಾಸ ಬಿದ್ದರೂ ಅವನು ಮೊದಲು ಕಲಿಯುತ್ತಿದ್ದದ್ದು ಫಿರಂಗಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ಸೋತ ಅಂಕಲ್ ಊಟಕ್ಕೆ ಏಳುತ್ತಿರಲಿಲ್ಲ. ನನ್ನ ಆನ್‌ಲೈನ್ ಕ್ಲಾಸಿನ ನಡುವೆ ಬಾಗಿಲು ಬಡಿದು, "ಗಿರಿಜಾ, ಆ ಕೆಂಪಿನವನಿಗೆ ಎಂತ ಪಿತ್ತ ಮಾರಾಯ್ತಿ? ನಾನು ಅವನಿಗೆ ಎಂತ ಮಾಡಿದ್ದೇನೆ?" ಎನ್ನುತ್ತಿದ್ದರು. ಪಾಠ ಮಾಡುತ್ತಿದ್ದ ಮೇಷ್ಟರಿಗೂ ಅದು ಕೇಳಿಸುತ್ತಿತ್ತು.

ಕಂಪ್ಯೂಟರ್ ಎದುರಾಳಿಗೆ ಪಿತ್ತವೂ ಇರುವುದಿಲ್ಲ, ಹಟವೂ ಇರುವುದಿಲ್ಲ. ಒಂದೊಂದು ವಿಷಯಕ್ಕೂ ಒಂದು ತೂಕ ಬರೆದಿಟ್ಟಿರುತ್ತಾರೆ. ಪಕ್ಕದವನ ಬಳಿ ಹಡಗು ಹೆಚ್ಚಿದರೆ ಆಯುಧದ ತೂಕ ಏರುತ್ತದೆ, ಧಾನ್ಯ ಕಡಿಮೆಯಾದರೆ ಬೇಸಾಯದ್ದು. ಕಲಿಯಲು ಬಹಳ ದಿನ ಹಿಡಿಯುವ ವಿಷಯದ ತೂಕ ಇಳಿಯುತ್ತದೆ. ಕೊನೆಗೆ ಯಾವುದು ಹೆಚ್ಚು ತೂಗುತ್ತದೋ ಅದನ್ನು ಅದು ಎತ್ತಿಕೊಳ್ಳುತ್ತದೆ, ಅಷ್ಟೇ. ನಮ್ಮ ಆಟದಲ್ಲಿ ಈ ತೂಕಗಳೆಲ್ಲ ಯಾರು ಬೇಕಾದರೂ ತೆರೆದು ತಿದ್ದಬಹುದಾದ ಒಂದು ಫೈಲಿನಲ್ಲಿದ್ದವು. ಒಂದು ಮಧ್ಯಾಹ್ನ ಅಂಕಲ್ ಮಲಗಿದ್ದಾಗ ನಾನು ತೆರೆದೆ. ಕೆಂಪಿನವನ ಆಯುಧದ ತೂಕವನ್ನು ಇಳಿಸಿ, ಬೇಸಾಯದ್ದನ್ನು ಏರಿಸಿದೆ. ಬೇಸಾಯವನ್ನೆಲ್ಲ ಪೂರ್ತಿ ಕಲಿತಾದ ಮೇಲಷ್ಟೇ ಫಿರಂಗಿಯ ಕಡೆ ತಿರುಗಬೇಕು — ಹಾಗೆ.

ಅವರು ಗೆದ್ದು ಖುಷಿಯಾಗಿರಲಿ ಎಂದು ಮಾಡಿದೆ ಎಂದರೆ ಅರ್ಧ ಸತ್ಯ. ನನ್ನ ಬಾಗಿಲು ಬಡಿಯುವುದು ನಿಲ್ಲಲಿ ಎಂಬುದೂ ಇತ್ತು. ಇನ್ನೂ ಒಂದಿತ್ತು — ನಾನು ಬರೆದ ಅಂಕಿಯಂತೆ ಒಂದು ರಾಜ್ಯ ನಡೆದುಕೊಳ್ಳುತ್ತದಲ್ಲ, ಅದನ್ನು ನೋಡುವ ಚಪಲ.

ಅಂಕಲ್ ಗೆದ್ದರು. ಆಂಟಿ ಆ ದಿನ ಹಂದಿಮಾಂಸದ ಸಾರು ಮಾಡಿ, ಸಸ್ಯಾಹಾರಿಯಾದ ನನಗೆ ಬೇರೆ ಸಣ್ಣ ಪಾತ್ರೆಯಲ್ಲಿ ಪಾಯಸ ಕಾಯಿಸಿದರು. ಇಲ್ಲಿಗೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ. ಆದರೆ ಅಂಕಲ್ ಬರೀ ಗೆದ್ದು ಸುಮ್ಮನಾಗುವ ಜನವಲ್ಲ. ಯಾಕೆ ಗೆದ್ದೆ ಎಂದು ನೋಡುವುದೇ ಅವರ ಜೀವಮಾನದ ಕಸುಬು. ಒಮ್ಮೆ ಕಂಡರೆ ಆಕಸ್ಮಿಕ, ಮತ್ತೆ ಮತ್ತೆ ಕಂಡರೆ ಗುಣ, ಎನ್ನುತ್ತಿದ್ದರು. ಮೊದಲಿಂದ ಆಡಿ ನೋಡಿದರು, ಮತ್ತೂ ಆಡಿ ನೋಡಿದರು. ಒಂದು ಸಂಜೆ ಚಹಾ ಕುಡಿಯುತ್ತ ಘೋಷಿಸಿದರು: "ಗೊತ್ತುಂಟಾ ಗಿರಿಜಾ? ನಾವು ಕೆಂಪಿನವನನ್ನು ತಪ್ಪು ತಿಳ್ಕೊಂಡದ್ದು. ಅವ ಮೊದಲು ಹೊಟ್ಟೆ ನೋಡ್ತಾನೆ. ಬೇಸಾಯ ಪೂರಾ ಮುಗಿಯದೆ ಅವ ಕೋವಿ ಮುಟ್ಟುದೇ ಇಲ್ಲ!"

ಫೈಲಿನಲ್ಲಿ ನಾನು ಬರೆದದ್ದನ್ನು ಅವರು ಫೈಲು ನೋಡದೆ ಓದಿ ಹೇಳಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಚಹಾದ ಲೋಟದೊಳಗೆ ಮುಖ ಹಾಕಿದೆ. ಒಳಗೊಳಗೆ ಹೆಮ್ಮೆಯೂ ಆಯಿತು ನೋಡಿ — ಅವರ ಕಣ್ಣಿನ ಬಗ್ಗೆಯಲ್ಲ, ನನ್ನ ಕೈಚಳಕದ ಬಗ್ಗೆ.

ವಿಷಯ, ಗೆಳೆಯರೆಲ್ಲ ಸೇರಿ ಶನಿವಾರ ಜಪಮಾಲೆ ಹೇಳುವ ವೀಡಿಯೊ ಕರೆಗೆ ಹೋಯಿತು. ಪ್ರಾರ್ಥನೆ ಮುಗಿದ ಕೂಡಲೇ ಅಂಕಲ್ ಕೆಂಪಿನವನ ಗುಣಗಾನ ಶುರು ಮಾಡುತ್ತಿದ್ದರು. ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿದ್ದ ಅವರ ಹಳೆಯ ಗೆಳೆಯ ಲ್ಯಾನ್ಸಿ ಅಂಕಲ್ ತಾವೂ ಆ ಆಟ ಹಾಕಿಸಿಕೊಂಡು, ವಾಲ್ಟರ್ ಹೇಳಿದಂತೆ ಕೆಂಪಿನವನ ಗಡಿಯಲ್ಲಿ ಒಂದು ಹಡಗೂ ಇಡದೆ ಆಡಿ, ಸುಟ್ಟು ಬೂದಿಯಾದರು. "ಎಂತ ಲಾ ವಾಲ್ಟರ್, ನಿನ್ನ ರೈತ ನನ್ನನ್ನು ಹುರಿದು ತಿಂದ!" ಎಂದು ಫೋನು ಬಂತು. ಅಂಕಲ್ ಒಪ್ಪಲಿಲ್ಲ. ನಿರ್ಬಂಧ ಸಡಿಲವಾಗಿ ಒಬ್ಬರ ಮನೆಗೊಬ್ಬರು ಹೋಗಬಹುದು ಎಂದಾದ ಮೊದಲ ವಾರವೇ, ತೊಳೆದು ತೊಳೆದು ಹೊಳೆಯುತ್ತಿದ್ದ ಕಾರಿನಲ್ಲಿ ಆಂಟಿಯನ್ನೂ ನನ್ನನ್ನೂ ಕೂರಿಸಿಕೊಂಡು ಮಾಂಟ್ ಕಿಯಾರಾಕ್ಕೆ ಹೊರಟರು. ಲ್ಯಾನ್ಸಿಯ ಕಂಪ್ಯೂಟರಿನಲ್ಲೇ ತೋರಿಸಿಕೊಡುತ್ತೇನೆ ಎಂದರು.

ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಗೊತ್ತಿತ್ತು. ಅಂಕಲ್ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತ ಸೀಟಿ ಹೊಡೆಯುತ್ತಿದ್ದರು. ಒಂದು ಮಾತು ಸಾಕಿತ್ತು —

ಲ್ಯಾನ್ಸಿ ಅಂಕಲ್ ಮನೆಯ ಕೆಂಪಿನವನು ಯಾರೂ ತಿದ್ದದ ಕೆಂಪಿನವನು. ಗೆಳೆಯರೆಲ್ಲ ಕುರ್ಚಿಯ ಹಿಂದೆ ಮಾಸ್ಕು ಹಾಕಿ ನಿಂತು ನೋಡುತ್ತಿದ್ದಂತೆ, ವಾಲ್ಟರ್ ಅಂಕಲ್ ಅವರ ಗ್ರಹಗಳು ಒಂದೊಂದಾಗಿ ಉರಿದುಹೋದವು. "ಲಾಕ್‌ಡೌನಲ್ಲಿ ಮಂಡೆಗೆ ತುಕ್ಕು ಹಿಡಿದದ್ದು," ಎಂದು ಲ್ಯಾನ್ಸಿ ಅಂಕಲ್ ತಮಾಷೆಗೆ ಅಂದರು. ಎಲ್ಲರೂ ನಕ್ಕರು. ವಾಲ್ಟರ್ ಅಂಕಲ್ ಕೂಡ ನಕ್ಕರು, ಆದರೆ ಸ್ವಲ್ಪ ತಡವಾಗಿ.

ಬೇರೆ ಯಾರಾದರೂ ಆಗಿದ್ದರೆ, ಎರಡು ಕಂಪ್ಯೂಟರಿನಲ್ಲಿ ಏನೋ ವ್ಯತ್ಯಾಸವಿದೆ ಎಂದು ಅನುಮಾನಿಸುತ್ತಿದ್ದರು. ಅಂಕಲ್‌ಗೆ ಅದು ಹೊಳೆಯಲಿಲ್ಲ. ಎರಡು ಕಡೆ ಎರಡು ಅಳತೆ ಬಂದರೆ ಮೊದಲು ಅಳೆದವನನ್ನು ಅನುಮಾನಿಸು, ಯಂತ್ರವನ್ನು ಆಮೇಲೆ — ಕಾರ್ಖಾನೆಯಲ್ಲಿ ಹೊಸಬರಿಗೆ ಅವರೇ ಕಲಿಸುತ್ತಿದ್ದ ಪಾಠ ಅದು. ತಮ್ಮ ಪಾಠವನ್ನು ತಮಗೇ ಹಚ್ಚಿಕೊಂಡರು. ಅದರ ಮೇಲೆ, ಅವರ ಅಪ್ಪ ಕೊನೆಗಾಲದಲ್ಲಿ ಮಕ್ಕಳ ಹೆಸರನ್ನೇ ಮರೆತಿದ್ದರು. ಆ ಭಯ ಅವರಲ್ಲಿತ್ತೆಂದು ನನಗೆ ಆಂಟಿ ಮೊದಲೇ ಹೇಳಿದ್ದರು. ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದಾಗ ಅವರು ಬಂದು ಕುಳಿತರು.

"ಗಿರಿಜಾ, ನೀನು ಇದನ್ನೇ ಕಲ್ತವಳು. ಸತ್ಯ ಹೇಳು. ನಾನು ಕಂಡದ್ದು ಇದ್ದದ್ದಾ, ಅಲ್ಲ ನನ್ನ ಮಂಡೆ ಕಟ್ಟಿದ್ದಾ?"

ನಾನು ಹೇಳಿದೆ: "ಆಟ ಅಲ್ಲೇನ್ರಿ ಅಂಕಲ್. ಒಮ್ಮೊಮ್ಮೆ ನಮಗ ಹಂಗ ಅನಸ್ತದ."

ಅಷ್ಟೇ. ನಮಗೆ ಹಾಗೆ ಅನಿಸುತ್ತದೆ. ಅವರು ತಲೆಯಾಡಿಸಿ, ನನ್ನ ಪ್ಲೇಟಿಗೆ ಇನ್ನೊಂದು ನೀರುದೋಸೆ ಹಾಕಿ ಎದ್ದುಹೋದರು. ನಿಜ ಹೇಳಿದರೆ ಅವರ ಗೆಲುವುಗಳೆಲ್ಲ ಸುಳ್ಳಾಗುತ್ತವಲ್ಲ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗೆಲುವು ಉಳಿಸಿದೆ, ಗೆದ್ದವರ ಬುದ್ಧಿಯನ್ನು ತೆಗೆದುಕೊಂಡೆ. ಮನೆಯಿಂದ ಹೊರಹಾಕಿಯಾರು ಎಂಬ ಭಯವೂ ಇತ್ತು, ಮುಚ್ಚಿಡುವುದೇನು!

ಅಂಕಲ್ ಆ ಆಟವನ್ನು ಮತ್ತೆ ಮುಟ್ಟಲಿಲ್ಲ. ಒಂದು ದಿನ ಅಂಗಡಿಯ ಪಾರ್ಕಿಂಗಿನಲ್ಲಿ ಕಾರು ಎಲ್ಲಿ ನಿಲ್ಲಿಸಿದೆ ಎಂದು ಹುಡುಕುವಂತಾಯಿತಂತೆ — ಯಾರಿಗೆ ಆಗುವುದಿಲ್ಲ ಹೇಳಿ? — ಮನೆಗೆ ಬಂದವರೇ ಕೀಲಿಯನ್ನು ಆಂಟಿಗೆ ಕೊಟ್ಟರು. "ನನ್ನ ಕಣ್ಣಿನ ಮೇಲೆ ನನಗೇ ಧೈರ್ಯ ಇಲ್ಲ. ಯಾರಿಗಾದರೂ ತಾಗಿದ್ರೆ?" ಆಂಟಿಯ ಡ್ರೈವಿಂಗ್ ಎಂದರೆ ಪುಚೊಂಗ್‌ನ ಬೆಕ್ಕುಗಳೆಲ್ಲ ಗೋಡೆ ಹತ್ತುವಂಥದ್ದು. ಅಂಕಲ್ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕು ಒತ್ತುತ್ತಿದ್ದರು. ಅದನ್ನು ನೋಡಿ ಹಿಂದಿನ ಸೀಟಿನಲ್ಲಿ ನಾನು ನಗುತ್ತಿದ್ದೆ. ಹೌದು, ನಗುತ್ತಿದ್ದೆ.

ಓದು ಮುಗಿದು, ಕ್ವಾಲಾಲಂಪುರದಲ್ಲೇ ಆಟಗಳನ್ನು ಮಾಡುವ ಒಂದು ಸಣ್ಣ ಕಂಪನಿಗೆ ಸೇರಿದೆ. ಕಂಪ್ಯೂಟರ್ ಎದುರಾಳಿಗೆ ಏನು ಮೊದಲು, ಏನು ಆಮೇಲೆ ಎಂದು ತೂಕ ಹಾಕುವುದೇ ಈಗ ನನ್ನ ಹೊಟ್ಟೆಪಾಡು. ಮೊನ್ನೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೊಟ್ಟಿ ತಿನ್ನುತ್ತ ಹೊಸದಾಗಿ ಸೇರಿದ ಹುಡುಗಿ, ನೀನು ಮೊದಲು ಮಾಡಿದ ಎದುರಾಳಿ ಯಾವುದು ಎಂದು ಕೇಳಿದಳು. ಜಂಭದಿಂದ ಬಾಯಿ ತೆರೆದೆ — ಬೇಸಾಯ ಕಲಿತ ಕೆಂಪಿನವನ ಕಥೆ ಹೇಳಲು. ಅರ್ಧಕ್ಕೆ ನಿಂತುಹೋಯಿತು. ಆ ಕಥೆ ಮುಗಿಯುವುದು ಆ ಅಡುಗೆಮನೆಯಲ್ಲಿ.

ಆ ಭಾನುವಾರ ಪುಚೊಂಗ್‌ಗೆ ಹೋದೆ. ಎಲ್‌ಆರ್‌ಟಿ ರೈಲಿನ ಸ್ಟೇಷನ್ನಿಗೆ ಕಾರು ತಂದದ್ದು ಆಂಟಿಯೇ. ಪಕ್ಕದಲ್ಲಿ ಅಂಕಲ್, ಕಾಲು ಬ್ರೇಕಿನ ಜಾಗದಲ್ಲಿ. ಊಟದ ಮೇಜಿನಲ್ಲಿ ಎಲ್ಲವನ್ನೂ ಹೇಳಿದೆ. ಫೈಲು, ತೂಕ, ಲ್ಯಾನ್ಸಿ ಅಂಕಲ್ ಮನೆ, ನೀರುದೋಸೆ. ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಂಟಿ ಸೌಟು ಕೆಳಗಿಟ್ಟು, "ಎಂತ ಹುಡುಗಿ ನೀನು!" ಎಂದರು. ಅದು ಬೈಗುಳವೇ, ನನಗೆ ಸಲ್ಲಬೇಕಾದದ್ದೇ.

ಅಂಕಲ್ ಮಾತ್ರ ಒಂದೇ ಕೇಳಿದರು. "ಹಾಗಾದ್ರೆ ನಾನು ಕಂಡದ್ದು ಇದ್ದದ್ದು?"

"ಇದ್ದದ್ದರಿ ಅಂಕಲ್. ನಾ ಬರದಿದ್ದನ್ನ ನೀವು ಅಕ್ಷರ ತಪ್ಪದ ಹೇಳಿದ್ರಿ."

"ಮೊದಲು ಹೊಟ್ಟೆ, ಆಮೇಲೆ ಕೋವಿ?"

"ಹೌದ್ರಿ."

ಅವರು ಕೈತೊಳೆದು ಬಂದರು. ತಲೆ ಬಾಚಿಕೊಂಡಿದ್ದರು. "ಸೆವ್ರಿನ್, ಕೀ ಕೊಡು. ಲ್ಯಾನ್ಸಿಯ ಮನೆಗೆ ಹೋಗಿ ಬರುವ. ಗಿರಿಜಾ, ಇಲ್ಲಿ ಹೇಳಿದ್ದನ್ನು ಅಲ್ಲಿ ಎಲ್ಲರ ಎದುರೂ ಹೇಳ್ಬೇಕು ನೀನು." ಹೇಳುತ್ತೇನೆ ಎಂದೆ.

ಆಂಟಿ ಪಕ್ಕದ ಸೀಟಿನಲ್ಲಿ, ನಾನು ಹಿಂದೆ. ಅಂಕಲ್ ಸೀಟನ್ನು ಮುಂದೆ ಹಿಂದೆ ಸರಿಸಿ, ಕನ್ನಡಿ ತಿರುಗಿಸಿ, ಜೋಪಾನವಾಗಿ ಹೊರಟರು. ಸ್ವಲ್ಪ ದೂರ ಹೋದ ಮೇಲೆ ಸೀಟಿಯೂ ಬಂತು. ಲ್ಯಾನ್ಸಿಯ ಮುಖ ಹೇಗಾಗುತ್ತದೆ ಎಂದು ಮಾಡಿ ತೋರಿಸಿ ಆಂಟಿಯನ್ನು ನಗಿಸಿದರು. ಆ ನಗುವಿನ ನಡುವೆ ಮಾಂಟ್ ಕಿಯಾರಾಕ್ಕೆ ತಿರುಗುವ ದಾರಿ ಹಿಂದೆ ಉಳಿದುಹೋಯಿತು.

ಸೀಟಿ ನಿಂತಿತು. ಅವರು ಕನ್ನಡಿಯಲ್ಲಿ ನನ್ನ ಕಡೆ ನೋಡಿದರು.

"ಮರೆತದ್ದಲ್ಲ ಗಿರಿಜಾ," ಎಂದರು, "ಮಾತಾಡ್ತಾ ಬಿಟ್ಟುಹೋಯ್ತು. ದಾರಿ ನನಗೆ ಗೊತ್ತುಂಟು."

"ಗೊತ್ತೈತ್ರಿ ಅಂಕಲ್," ಎಂದೆ. ದಾರಿ ತಪ್ಪಿದ್ದಕ್ಕೆ ಯಾರಿಗೂ ಉತ್ತರ ಕೊಡಬೇಕಿಲ್ಲದ ಮನುಷ್ಯನಾಗಿದ್ದರು ಅವರು, ನಾನು ಅಂದು ಅಡುಗೆಮನೆಯಲ್ಲಿ ಆ ಮಾತು ಹೇಳುವ ಮೊದಲು.